ಧರ್ಮಾದಾಯದ ಪುಟ

ಸತ್ತವರ ಬಗ್ಗೆ ಬರೆಯುವುದರಲ್ಲಿ ನನ್ನ ಕೈ ಪಳಗಿದೆ. ಬಾಗಲಕೋಟೆ, ಹುನಗುಂದ, ಇಳಕಲ್ ಕಡೆ ಯಾರಾದರೂ ಅಂಗಡಿಕಾರರು, ಗಿರಣಿ ಮಾಲೀಕರು ತೀರಿಕೊಂಡರೆ ಪುಣ್ಯಸ್ಮರಣೆಯ ಹೊತ್ತಿಗೆ ಮನೆಯವರಿಂದ ಫೋನು ಬರುತ್ತದೆ. "ಸರ್, ನೀವ ಒಂದೀಟು ಛಂದಂಗ ಬರದು ಕೊಡ್ರಿ." ಬರೆದು ಕೊಡುತ್ತೇನೆ. ಕೊಡುಗೈ ದಾನಿ, ಸರಳ ಸಜ್ಜನ, ಅಜಾತಶತ್ರು, ತುಂಬಲಾರದ ನಷ್ಟ. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರಿಗೆ ಹಚ್ಚಿದರೂ ಯಾರಿಗೂ ಗೊತ್ತಾಗುವುದಿಲ್ಲ. ಹೆಸರು, ಊರು, ಫೋಟೋ ಬದಲಾದರೆ ಸಾಕು. ತೀರ ಅವಸರವಿದ್ದರೆ ಬಸವಣ್ಣನವರಿದ್ದಾರೆ. ಕೂಡಲಸಂಗಮ ನಮ್ಮ ಹುನಗುಂದ ಸೀಮೆಯದೇ. ಕಾಯಕ, ದಾಸೋಹ ಎಂಬೆರಡು ಮಾತು ಹಾಕಿಬಿಟ್ಟರೆ ಸಕ್ಕರೆ ವ್ಯಾಪಾರಿಯೂ ಶರಣನಾಗುತ್ತಾನೆ. ಹನ್ನೆರಡನೇ ಶತಮಾನದ ಆ ಮಾತುಗಳು ಇಷ್ಟು ಸಸ್ತಾ ಆದದ್ದರಲ್ಲಿ ನನ್ನ ಪಾಲೂ ಇದೆ.

ಯಾರ ಬಗ್ಗೆ ಬರೆದಿಲ್ಲ ಎಂದು ನೋಡಿದರೆ ನನ್ನ ನುಡಿನಮನಗಳ ಬಣ್ಣ ಇನ್ನಷ್ಟು ಬಯಲಾಗುತ್ತದೆ. ಬಾದಾಮಿ ಬನಶಂಕರಿಯ ಗುಡಿಯ ಮುಂದೆ ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳು ಖಡಕ್ ರೊಟ್ಟಿ, ಪಲ್ಯ, ಮೊಸರು, ಕೆಂಪು ಚಟ್ನಿ ಬಡಿಸುತ್ತಾರೆ. ಅದೂ ವ್ಯಾಪಾರವೇ. ಊಟದ ನಡುವೆ "ಇನ್ನೀಟು ಹಾಕ್ಲೆನ್ರಿ ಯಪ್ಪಾ" ಎನ್ನುತ್ತ ಎರಡನೇ ಸಲ ಸುರಿಯುವ ಪಲ್ಯಕ್ಕೆ ರೊಕ್ಕ ಕೇಳದವರನ್ನು ಅಲ್ಲಿ ಕಂಡಿದ್ದೇನೆ. ಅವರಲ್ಲಿ ಒಬ್ಬರು ತೀರಿಕೊಂಡರೆಂದು ನನಗೆ ಯಾರೂ ಫೋನು ಮಾಡಿಲ್ಲ, ನಾನಾಗಿಯೂ ಕೇಳಿಲ್ಲ. ನನ್ನ ಲೇಖನಿ ಕಟ್ಟಡ ಕಟ್ಟಿಸಿದವರ ಕಡೆಗೇ ಹೊರಳುತ್ತದೆ.

ಇಷ್ಟೆಲ್ಲ ಪಳಗಿದ ಕೈ ಒಬ್ಬರ ವಿಷಯದಲ್ಲಿ ಮಾತ್ರ ಓಡಲಿಲ್ಲ. ಬಾಗಲಕೋಟೆಯ ಹಳೆಯ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದ ಸಾವ್ಕಾರರೊಬ್ಬರು. ನಾನು ಓದುವಾಗ ಉಚಿತ ಪ್ರಸಾದ ನಿಲಯವೊಂದಕ್ಕೆ ಜೋಳ ಕೊಡುತ್ತಿದ್ದವರು. ಅವರ ಮೊಮ್ಮಗ ಬಂದು, "ಅಜ್ಜನ ಸ್ಮರಣ ಸಂಚಿಕೆ ಮಾಡಾಕತ್ತೀವ್ರಿ ಸರ್, ನಿಮ್ಮ ಲೇಖನ ಬೇಕ ಬೇಕ್ರಿ, ನೀವು ಅಜ್ಜನ ಜ್ವಾಳದ ರೊಟ್ಟಿ ಉಂಡವರು" ಎಂದ. ಆ ಕೊನೆಯ ಮಾತು ಮುಳ್ಳಾಯಿತು. ಹೂಂ ಎಂದು ಕಳಿಸಿದವನು ಮುಂದೆ ಹಾಕುತ್ತಲೇ ಹೋದೆ. ಸಂಚಿಕೆಯಲ್ಲಿ ಅವರ ಹೆಸರು, ಭಾವಚಿತ್ರ ಎಲ್ಲ ಬರುತ್ತವೆ. ಇಲ್ಲಿ ಹೆಸರು ಬೇಡ. ಇದು ಅವರಿಗಿಂತ ಹೆಚ್ಚಾಗಿ ನನ್ನ ವಿಚಾರಣೆ.

ಪೇಟೆಯ ರೊಕ್ಕಕ್ಕೂ ನಮ್ಮ ಭಾಗದ ಅಕ್ಷರಕ್ಕೂ ಇರುವ ನಂಟು ಹಳೆಯದು. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರಲ್ಲಿ ಹುಟ್ಟಿತು. ಮೂರು ವರ್ಷಕ್ಕೆ, 1909ರಲ್ಲಿ, ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಶಿವಯೋಗಮಂದಿರ ಕಟ್ಟಿದರು. ಸರಕಾರದ ಅನುದಾನ ನೆಚ್ಚಿ ಹುಟ್ಟಿದವಲ್ಲ ಇವು. ಸ್ವಾಮಿಗಳ ಜೋಳಿಗೆ ಒಂದು ಕಡೆ, ಪೇಟೆಯ ಚೀಲ ಇನ್ನೊಂದು ಕಡೆ. ಆ ಮಾದರಿ ನೋಡಿ ಜಾತಿ ಜಾತಿಗೂ ಊರು ಊರಿಗೂ ಚಿಕ್ಕಪುಟ್ಟ ಬೋರ್ಡಿಂಗುಗಳಾದವು. ಹುನಗುಂದ ಸೀಮೆಯ ಎರೆಹೊಲದ ಒಕ್ಕಲಿಗನ ಮಗ ನಾನು ಬಾಗಲಕೋಟೆಗೆ ಬಂದು ಕಾಲೇಜು ಮೆಟ್ಟಿಲು ಹತ್ತಿದ್ದು ಅಂಥ ಒಂದರ ಬಲದಿಂದ. ಬೆಳಿಗ್ಗೆ ನುಚ್ಚು, ಮಧ್ಯಾಹ್ನ ರೊಟ್ಟಿ ಬ್ಯಾಳಿ, ರಾತ್ರಿ ಮತ್ತೆ ರೊಟ್ಟಿ. ಹಬ್ಬಕ್ಕೆ ಹುಗ್ಗಿ. ತಿಂಗಳಿಗೊಮ್ಮೆ ಸಾವ್ಕಾರರು ಬಂದು ಅಡುಗೆಮನೆಯ ಕಣಜ ಬಗ್ಗಿ ನೋಡಿ, ಹುಡುಗರನ್ನು ಮಾತಾಡಿಸದೆ ಹೋಗುತ್ತಿದ್ದರು. ಧೋತರ, ನೆಹರೂ ಅಂಗಿ, ಕರಿ ಟೊಪ್ಪಿಗೆ. ನಮಗೆ ಅವರನ್ನು ಕಂಡರೆ ಪ್ರೀತಿಯೇನೂ ಇರಲಿಲ್ಲ, ಅಂಜಿಕೆ ಇತ್ತು.

ಊರಿಗೆ ಹೋದಾಗಲೆಲ್ಲ ಅಪ್ಪನದು ಒಂದೇ ಮಾತು: "ತಮ್ಮಾ, ಸಾವ್ಕಾರ್ರ ಉಪ್ಪು ಉಂಡೀದಿ, ಮರೀಬ್ಯಾಡ." ಅಪ್ಪನ ಮಾಲು ಹೋಗುತ್ತಿದ್ದದ್ದೂ ಅವರದೇ ಅಂಗಡಿಗೆ. ಸುಗ್ಗಿ ಮುಗಿದ ಮೇಲೆ ಬಂಡಿ ಕಟ್ಟಿ ಜೋಳ, ಕಡಲೆ, ಶೇಂಗಾ ಒಯ್ಯುವುದು, ಬರುವಾಗ ಒಂದು ಪಟ್ಟಿ ತರುವುದು. ಆ ಪಟ್ಟಿಗಳನ್ನು ಅಪ್ಪ ತೊಲೆಗೆ ಹೊಡೆದ ತಂತಿಗೆ ಚುಚ್ಚಿಡುತ್ತಿದ್ದ. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಉಪನ್ಯಾಸಕನಾದ ಹೊಸದರಲ್ಲಿ, ಬಂಡಾಯ ಸಾಹಿತ್ಯದ ಬಿಸಿ ಇದ್ದ ಕಾಲ ಅದು, ಒಂದು ರಜೆಯಲ್ಲಿ ಕುಳಿತು ಆ ತಂತಿಯನ್ನು ಬಿಚ್ಚಿದೆ. ಮಾಲಿನ ಒಟ್ಟು ಕಿಮ್ಮತ್ತಿನ ಕೆಳಗೆ ಕಡಿತಗಳ ಸಾಲು: ದಲಾಲಿ, ಹಮಾಲಿ, ತೂಕ, ಸೂಟು. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಸಣ್ಣ ಅಂಕಿಯಲ್ಲಿ, 'ಧರ್ಮಾದಾಯ'.

ಚೀಲಕ್ಕಿಷ್ಟು ಎಂದು ರೈತನ ಹಣದಿಂದ ಮುರಿದುಕೊಂಡು ಅಂಗಡಿಯವರು ಧರ್ಮಕ್ಕೆ ಖರ್ಚು ಹಾಕುವ ರೊಕ್ಕ ಅದು. ನನಗೆ ತಲೆ ತಿರುಗಿತು. ಪ್ರಸಾದ ನಿಲಯದ ಕಣಜಕ್ಕೆ ಬರುತ್ತಿದ್ದ ಜೋಳ ಈ ಖಾತೆಯದು. ಅಂದರೆ ನಾನು ಉಂಡದ್ದು ನನ್ನ ಅಪ್ಪನ ಚೀಲದ್ದು, ಅಪ್ಪನಂಥ ನೂರು ಜನರ ಚೀಲದ್ದು. ದಾನಿ ಎನಿಸಿಕೊಂಡವರು ಮಾತ್ರ ನಡುವಿನವರು. ಈ ಸಿಟ್ಟಿನಲ್ಲಿ ಒಂದು ಪದ್ಯ ಬರೆದೆ, ಅಚ್ಚೂ ಆಯಿತು. ಬರೆದದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಪದ್ಯ ಸಾಧಾರಣವಾಗಿತ್ತು, ಅದರೊಳಗಿನ ಲೆಕ್ಕ ಸರಿಯಾಗಿತ್ತು.

ಲೆಕ್ಕ ಸರಿ ಎಂದು ಹೇಳಿದವನು ನಾನೊಬ್ಬನೇ ಅಲ್ಲ. 1926ರಲ್ಲಿ ನೇಮಕವಾಗಿ 1928ರಲ್ಲಿ ವರದಿ ಒಪ್ಪಿಸಿದ ಕೃಷಿಯ ರಾಯಲ್ ಕಮಿಷನ್, ಪೇಟೆಗಳಲ್ಲಿ ದೇವರು-ಧರ್ಮದ ಹೆಸರಿನಲ್ಲಿ ರೈತನ ಮಾಲಿನಿಂದ ಮನಬಂದಂತೆ ಮುರಿಯುವುದರ ಬಗ್ಗೆ ಬಂದ ದೂರುಗಳನ್ನು ದಾಖಲಿಸಿತ್ತು. ರೈತ ಒಳಗೆ ಕೂಡುವ, ದರ-ತೂಕ ಬಯಲಿನಲ್ಲಿ ನಡೆಯುವ ನಿಯಂತ್ರಿತ ಮಾರುಕಟ್ಟೆಗಳು ಬೇಕು ಎಂಬ ಒತ್ತಾಯ ಬಲವಾದದ್ದು ಆ ವರದಿಯಿಂದ. ಮುಂಬೈ ಪ್ರಾಂತದಲ್ಲಿ, ನಾವಾಗ ಅದರೊಳಗೇ ಇದ್ದೆವು, 1939ರಲ್ಲಿ ಕಾಯ್ದೆ ಬಂತು; ಕರ್ನಾಟಕದ ಎಪಿಎಂಸಿ ಕಾಯ್ದೆ 1966ರದು. ಅಪ್ಪನ ತಂತಿಯಲ್ಲಿದ್ದ ಪಟ್ಟಿಗಳು ಕಾಯ್ದೆ ಬಂದ ಮೇಲಿನವೂ ಇದ್ದವು. ಕಾಯ್ದೆ ಪುಸ್ತಕದಲ್ಲಿರುತ್ತದೆ, ರೂಢಿ ತಕ್ಕಡಿಯ ಹತ್ತಿರ ಕೂತಿರುತ್ತದೆ.

ಇನ್ನೊಂದು ಸಂಗತಿ ನನಗೆ ಬಹಳ ತಡವಾಗಿ ತಿಳಿದದ್ದು. ಉತ್ತರ ಪ್ರದೇಶದ ಹಾಥರಸ್ಸಿನ ಬಿಜ್ಲಿ ಕಾಟನ್ ಮಿಲ್ಸ್ ಎಂಬ ಗಿರಣಿ ಗಿರಾಕಿಗಳಿಂದ ಮಾಲಿನ ಬೆಲೆಯ ಮೇಲೆ ಧರ್ಮದ ಹೆಸರಿನಲ್ಲಿ ಪ್ರತ್ಯೇಕ ಹಣ ಪಡೆಯುತ್ತಿತ್ತು. ಅದು ಗಿರಣಿಯ ಆದಾಯವೋ ಅಲ್ಲವೋ, ಅದಕ್ಕೆ ಆದಾಯ ತೆರಿಗೆ ಬೀಳಬೇಕೋ ಬೇಡವೋ ಎಂಬ ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು. ಕೊನೆಗೆ ನ್ಯಾಯಾಲಯ ಹೇಳಿತು: ಅದು ವ್ಯಾಪಾರದ ಗಳಿಕೆಯಲ್ಲ, ಧರ್ಮಕ್ಕೆಂದೇ ಕೈಗೆ ಬಂದ ಹಣ, ವ್ಯಾಪಾರಿ ಅದನ್ನು ಹಾಗೆಯೇ ಸಲ್ಲಿಸಲು ಬದ್ಧ. ವ್ಯಾಪಾರಿಗಳು ನಿಟ್ಟುಸಿರು ಬಿಟ್ಟಿರಬೇಕು. ಆದರೆ ಆ ತರ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರೆ, ಗಳಿಕೆ ಅಲ್ಲದ್ದು ದಾನವೂ ಆಗಲಾರದು. ತನ್ನದಲ್ಲದ್ದನ್ನು ಕೊಟ್ಟವನಿಗೆ ದಾನಿ ಎಂಬ ಬಿರುದು ಹೇಗೆ ಬಂತು? ಇದನ್ನು ಓದಿದ ದಿನ ನಾನು ಗೆದ್ದವನಂತೆ ಬೀಗಿದ್ದು ನಿಜ.

ಬೀಗಿದವನು ಅಪ್ಪನ ಮುಂದೆ ಬಾಯಿಬಿಟ್ಟೆ. "ಉಪ್ಪು ಸಾವ್ಕಾರ್ರದಲ್ಲಪ್ಪಾ, ನಿಂದು. ಪಟ್ಟ್ಯಾಗ ಮುರದಾರ ನೋಡು." ಅಪ್ಪ ಎಲೆ-ಅಡಿಕೆ ಮೆಲ್ಲುತ್ತಿದ್ದವನು ನಿಲ್ಲಿಸಲಿಲ್ಲ. "ನಂಗೊತ್ತಿಲ್ಲೇನದು? ಸಾಲಿ ಕಲ್ತಿಲ್ಲ ಖರೆ, ಮುರದದ್ದು ತಿಳ್ಯಾಂಗಿಲ್ಲೇನು? ಅದು ನನ್ನ ಕೈಯಾಗಿದ್ರ ಉಳೀತಿತ್ತೇನು ತಮ್ಮಾ? ಚಾದ ಅಂಗಡ್ಯಾಗ ಹೋಕ್ಕಿತ್ತು." ನಾನು ತಿರುಗಿ ಏನೋ ಹೇಳಿದೆ. ಅಪ್ಪ ಎದ್ದು ಎತ್ತಿಗೆ ನೀರು ಕುಡಿಸಲು ಹೋದ. ಆ ಮಾತನ್ನು ಆಗ ಗುಲಾಮಗಿರಿ ಎಂದುಕೊಂಡೆ. ಕಲಿತವನ ಸೊಕ್ಕಿಗೆ ಅಪ್ಪನ ಮಾತಿನೊಳಗಿನ ವಿಚಾರ ಕೇಳಿಸಲಿಲ್ಲ. ನೂರು ಜನರ ಸಣ್ಣ ರೊಕ್ಕವನ್ನು ಒಂದು ಕಡೆ ಕೂಡಿಸಿ, ತಿನ್ನದೆ ಕಾಯ್ದು, ಒಂದು ಕೆಲಸಕ್ಕೆ ಮುಟ್ಟಿಸುವುದು ಸುಲಭದ್ದಲ್ಲ ಎಂದು ಅವನಿಗೆ ಗೊತ್ತಿತ್ತು. ನಾನು ಮುಂದೆ ಎಷ್ಟೋ ಸಂಘ-ಸಮಿತಿಗಳಲ್ಲಿ ಖಜಾಂಚಿಗಳನ್ನು ನೋಡಿದ ಮೇಲೆ ನನಗೂ ಗೊತ್ತಾಯಿತು.

ಈ ಧರ್ಮಾದಾಯದ ಬೇರು ನೋಡಲು ಇಲ್ಲಿ ಐಹೊಳೆಗೆ ಹೋಗಿಬರಬೇಕು. ಹುನಗುಂದ ಸೀಮೆಯಲ್ಲಿ ಹುಟ್ಟಿದವನಿಗೆ ಅದು ತಪ್ಪಿದ್ದಲ್ಲ. ನಮ್ಮ ಮಾಸ್ತರರು ಮೇಗುತಿ ಗುಡಿ ತೋರಿಸಿ, 634ರ ರವಿಕೀರ್ತಿಯ ಶಾಸನದ ಮುಂದೆ ನಿಲ್ಲಿಸಿ, ಪುಲಿಕೇಶಿ ಹರ್ಷನನ್ನು ತಡೆದ ಕಥೆ ಹೇಳಿದ್ದರು. ಅರಸರ ಕಥೆ ಅಲ್ಲಿಗೆ ಮುಗಿಯಿತು. ಆ ಊರಿನ ಹೆಸರನ್ನು ಸಮುದ್ರ ದಾಟಿಸಿದವರು ಅರಸರಲ್ಲ, ವ್ಯಾಪಾರಿಗಳು ಎಂಬುದನ್ನು ಯಾರೂ ಹೇಳಲಿಲ್ಲ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕರ ಸಂಘ ಇಲ್ಲಿಂದಲೇ ಹೊರಟದ್ದೆಂದು ಇತಿಹಾಸಕಾರರು ಬರೆಯುತ್ತಾರೆ. ಕರ್ನಾಟಕ, ಆಂಧ್ರ, ತಮಿಳು ನಾಡಿನ ತುಂಬ ಅವರ ಶಾಸನಗಳಿವೆ. 1054ರ ಬಳ್ಳಿಗಾವಿ ಸೀಮೆಯ ಶಾಸನ ಅವರ ಸರಕನ್ನು ಪಟ್ಟಿ ಮಾಡುತ್ತದೆ. ಆನೆ, ಕುದುರೆ, ನೀಲ, ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ; ಹೊತ್ತು ತಿರುಗಿದ್ದು ಕತ್ತೆ, ಕೋಣಗಳ ಮೇಲೆ. ಸುಮಾತ್ರಾದ ಬಾರುಸ್ ಹತ್ತಿರ 1088ರ ತಮಿಳು ಶಾಸನವೊಂದು ಸಿಕ್ಕಿದೆ; ಸಾವಿರ ದಿಕ್ಕುಗಳ ಐನೂರ್ವರು ಅಲ್ಲಿ ಸೇರಿ, ಹಡಗಿನಲ್ಲಿ ಬಂದವರು ದಡಕ್ಕೆ ಕಾಲಿಡುವ ಮುನ್ನ ಕಸ್ತೂರಿಯ ಬೆಲೆಯ ಲೆಕ್ಕದಲ್ಲಿ ಚಿನ್ನ ಸಲ್ಲಿಸಬೇಕೆಂದು ಕಟ್ಟು ಮಾಡಿದ್ದನ್ನು ಅದು ಹೇಳುತ್ತದೆ.

ಐನೂರ್ವರು ದತ್ತಿ ಬಿಡುವ ಬಗೆಯೂ ಇಂಥದೇ. ತಮ್ಮ ಪೆಟ್ಟಿಗೆಯಿಂದ ಒಂದೇ ಸಲ ಸುರಿಯುವುದಕ್ಕಿಂತ, ಎಲೆಯ ಹೇರಿಗೆ ಇಷ್ಟು, ಧಾನ್ಯದ ಹೇರಿಗೆ ಇಷ್ಟು, ಮಾರಿದ ಮಾಲಿಗೆ ಇಷ್ಟು ಎಂದು ಗೊತ್ತು ಮಾಡಿ ಗುಡಿಗೆ, ಮಠಕ್ಕೆ, ಕೆರೆಗೆ ಹಚ್ಚಿಕೊಡುವುದು. ಅದನ್ನು ಕಲ್ಲಿಗೆ ಕೆತ್ತಿಸಿ, ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯ ಕೊಂದ ಪಾಪ ಎಂದು ಶಾಪ ಹಾಕುವುದು. ಅಪ್ಪನ ಪಟ್ಟಿಯ ಕೊನೆಯ ಸಾಲು ಸಾವಿರ ವರ್ಷದ ಹಿಂದಿನದು! ಆ ಹೇರಿನ ಮೇಲಿನ ಸುಂಕವನ್ನು ಕೊನೆಗೆ ಹೊತ್ತವರು ಯಾರು, ಎಲೆ ಬೆಳೆದವನೋ ಎಲೆ ಮೆದ್ದವನೋ, ಶಾಸನ ಅದನ್ನು ವಿಚಾರಿಸುವುದಿಲ್ಲ. ಹೆಸರು ಐನೂರ್ವರದೇ ಉಳಿಯಿತು. ಇದನ್ನು ತಿಳಿದಾಗ ನನ್ನ ಪದ್ಯದ ಸಿಟ್ಟು ಇಳಿಯಲಿಲ್ಲ, ಆದರೆ ಒಬ್ಬ ಸಾವ್ಕಾರರ ಮೇಲಿದ್ದದ್ದು ಒಂದು ವ್ಯವಸ್ಥೆಯ ಮೇಲೆ ಹರಡಿ ತೆಳ್ಳಗಾಯಿತು. ತೆಳ್ಳಗಾದ ಸಿಟ್ಟಿನಿಂದ ಯಾರಿಗೂ ಉಪಯೋಗವಿಲ್ಲ. ನೌಕರಿ ಮಾಡಿಕೊಂಡು, ಪಗಾರ ತೆಗೆದುಕೊಂಡು ಆರಾಮಾಗಿದ್ದೆ.

ಮೊಮ್ಮಗ ಮತ್ತೆ ಬಂದಾಗ ತಪ್ಪಿಸಿಕೊಳ್ಳಲು ನೆವ ಹುಡುಕಿ, "ಬರೆಯೋಣ, ಹಳೆಯ ಕಾಗದ-ಪತ್ರ ಇದ್ದರೆ ಕೊಡಿ, ಆಧಾರ ಇಲ್ಲದೆ ಬರೆಯುವವನಲ್ಲ ನಾನು" ಎಂದೆ. ಎಷ್ಟು ದೊಡ್ಡ ಸುಳ್ಳು! ಜೀವಮಾನವೆಲ್ಲ ಆಧಾರವಿಲ್ಲದೆ ನುಡಿನಮನ ಬರೆದವನು. ಅವನು ಅದನ್ನು ನಂಬಿ, ಅರಿವೆಯಲ್ಲಿ ಕಟ್ಟಿದ ಖಾತೆ ಪುಸ್ತಕಗಳ ಗಂಟನ್ನೇ ತಂದಿಟ್ಟ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಭಾಗ ಮುಳುಗಿ ಅಂಗಡಿ ಮನೆ ಎಲ್ಲ ನವನಗರಕ್ಕೆ ಎತ್ತಿದಾಗ, ಮನೆಯಲ್ಲಿ ಬೇಡ ಬೇಡವೆಂದರೂ ಅಜ್ಜಿ ಹಟ ಮಾಡಿ ಲಾರಿಗೆ ಹಾಕಿಸಿದ್ದರಂತೆ. ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರು ಎಂದು ಗೊತ್ತಾದದ್ದೇ ತಡ, ಆ ಗೆರೆಯ ಕೆಳಗೆ ಸಿಕ್ಕವರು ಬಾಗಿಲು, ಚೌಕಟ್ಟು, ತೊಲೆ ಕಿತ್ತುಕೊಂಡು ಹೊರಟ ದಿನಗಳವು. ಎಷ್ಟು ಮನೆಗಳ ಕಾಗದ ರದ್ದಿಗೆ ಹೋಯಿತೋ.

ಮೊದಲು ಹುಡುಕಿದ್ದು 1972ರ ಬರದ ವರ್ಷದ ಖಾತೆ. ಯಾಕೆಂದರೆ ನಾನು ಆಗ ಪ್ರಸಾದ ನಿಲಯದಲ್ಲಿದ್ದೆ. ಮಳೆ ಇಲ್ಲ, ಪೀಕಿಲ್ಲ, ಊರಲ್ಲಿ ಅಪ್ಪ ಎತ್ತು ಮಾರಿದ್ದ. ನಿಲಯದಲ್ಲಿ ರೊಟ್ಟಿ ಎರಡರಿಂದ ಒಂದೂವರೆಗೆ ಇಳಿದಿತ್ತು, ನುಚ್ಚು ತೆಳ್ಳಗಾಗಿತ್ತು, ಆದರೆ ಒಲೆ ಆರಿರಲಿಲ್ಲ. ಆಗ ನನಗೆ ಹೊಳೆಯದಿದ್ದ ಪ್ರಶ್ನೆ ಈಗ ಎದುರು ಕೂತಿತ್ತು. ಪೇಟೆಗೆ ಚೀಲವೇ ಬರದಿದ್ದರೆ ಚೀಲಕ್ಕಿಷ್ಟು ಎಂದು ಮುರಿಯುವುದು ಎಲ್ಲಿಂದ?

ಧರ್ಮಾದಾಯದ ಪುಟ ಸಿಕ್ಕಿತು. ಜಮಾ ಕಡೆ ಮೂರು ನಾಲ್ಕು ಸಾಲು ಬರೆದು ಬಿಳಿ ಹಾಳೆ. ಖರ್ಚಿನ ಕಡೆ ಎಂದಿನಂತೆ ತಿಂಗಳು ತಿಂಗಳು ಜೋಳ, ಬ್ಯಾಳಿ, ಎಣ್ಣಿ, ಅಡುಗೆಯವನ ಪಗಾರ. ಜೋಳದ ದರ ಮೇಲೇರುತ್ತ ಹೋದದ್ದು ಅಲ್ಲೇ ಕಾಣುತ್ತದೆ. ದೀಪಾವಳಿ ಪಾಡ್ಯಕ್ಕೆ ಹೊಸ ಪುಸ್ತಕ ಪೂಜೆಗಿಡುವ ಮುನ್ನ ಎರಡೂ ಕಡೆ ಸಮ ಮಾಡಲು ಒಂದು ಸಾಲು ಬರೆದಿದ್ದರು: ಮನೀ ಖಾತೆಯಿಂದ ಜಮಾ. ಮೊತ್ತ ಸಣ್ಣದಲ್ಲ. ಮನೆಯ ಖಾತೆ ತೆಗೆದು ನೋಡಿದರೆ ಅಲ್ಲಿಯೂ ಅದೇ ಮೊತ್ತ, ಅದೇ ದಿನ, ಒಂದು ವಿವರಣೆಯಿಲ್ಲ, ವಿಶೇಷಣವಿಲ್ಲ.

ಸಂತೋಷವಾಗಬೇಕಿತ್ತು, ಕಿರಿಕಿರಿಯಾಯಿತು. ಈ ಬರಹದಲ್ಲಿ ನಾನು ಹೇಳಲೇಬೇಕಾದ್ದು ಅದನ್ನೇ. ಮುಂದಿನ ವರ್ಷದ ಪುಸ್ತಕ ಎಳೆದುಕೊಂಡು, ಒಳ್ಳೆಯ ಸುಗ್ಗಿ ಬಂದಾಗ ಧರ್ಮಾದಾಯದಿಂದ ಆ ಹಣ ತಿರುಗಿ ಮನೆಗೆ ಎತ್ತಿಕೊಂಡಿರಬೇಕು ಎಂದು ಬೆರಳಿಟ್ಟು ಸಾಲು ಸಾಲು ಹುಡುಕಿದೆ. ಅದರ ಮುಂದಿನದನ್ನೂ ನೋಡಿದೆ. ಸಿಕ್ಕಲಿ ಎಂಬ ಆಸೆ ಇತ್ತು. ಸಿಕ್ಕಲಿಲ್ಲ. ಸಿಕ್ಕಿದ್ದರೆ ನನಗೆ ಎಷ್ಟು ಸಮಾಧಾನವಾಗುತ್ತಿತ್ತು ಎಂದು ನೆನೆದು ನನ್ನ ಬಗ್ಗೆಯೇ ಹೇಸಿಕೆಯಾಯಿತು.

ಯಾಕೆ ಈ ಆಸೆ? ಕೂತು ಯೋಚಿಸಿದರೆ ಉತ್ತರ ಕಷ್ಟದ್ದಲ್ಲ. ಅವರು ಕೊಟ್ಟದ್ದು ಅವರದಲ್ಲ ಎಂದಾದರೆ ನನ್ನ ಮೇಲೆ ಯಾವ ಋಣವೂ ಇಲ್ಲ. ಋಣ ಇಲ್ಲವೆಂದರೆ ನಾನೂ ಯಾರಿಗೂ ಕೊಡಬೇಕಾಗಿಲ್ಲ. ಇಷ್ಟು ವರ್ಷ ವ್ಯಾಪಾರಿಗಳ ದಾನದಲ್ಲಿ ಹುಳುಕು ಹುಡುಕುತ್ತ ಬಂದದ್ದು ರೈತನ ಮೇಲಿನ ಪ್ರೀತಿಗಷ್ಟೇ ಅಲ್ಲ, ನನ್ನ ಬಿಗಿ ಮುಷ್ಟಿಗೆ ಒಂದು ಸಿದ್ಧಾಂತ ಬೇಕಾಗಿತ್ತು. ಸಾಹಿತ್ಯ ಓದಿದವರಿಗೆ ಸಿದ್ಧಾಂತ ಸಿಕ್ಕುವುದು ಕಷ್ಟವಲ್ಲ. ನಮ್ಮ ನಾಟಕ, ಸಿನಿಮಾಗಳ ಸಾವ್ಕಾರ ಖಾತೆ ಪುಸ್ತಕ ಹಿಡಿದೇ ರಂಗಕ್ಕೆ ಬರುತ್ತಾನೆ, ಬಡವನ ಹೆಬ್ಬೆಟ್ಟು ಒತ್ತಿಸಿಕೊಂಡೇ ಹೋಗುತ್ತಾನೆ. ಪಗಾರದ ಮೇಲೆ ಬದುಕುವ ನಾವು ಮಾತ್ರ ಶುದ್ಧರು. ನಮ್ಮ ಪಗಾರ ಯಾರ ಚೀಲದಿಂದ ಮುರಿದದ್ದು ಎಂದು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ.

ನಾನು ಕೊಟ್ಟದ್ದರ ಲೆಕ್ಕವೂ ಇಲ್ಲಿಯೇ ಬರಲಿ. ಊರ ಶಾಲೆಗೆ ಒಂದು ಸೀಲಿಂಗ್ ಫ್ಯಾನು ಕೊಡಿಸಿದ್ದೇನೆ. ಅದರ ರೆಕ್ಕೆಗಳ ಮೇಲೆ ನನ್ನ ಹೆಸರು, ಪದವಿ ಕೆಂಪು ಬಣ್ಣದಲ್ಲಿದೆ. ಫ್ಯಾನು ತಿರುಗುವಾಗ ಕಾಣುವುದಿಲ್ಲ, ಕರೆಂಟು ಹೋದಾಗ ಓದಬಹುದು. ನಮ್ಮ ಕಡೆ ಸಾಕಷ್ಟು ಹೊತ್ತು ಓದಬಹುದು. ಜಾತ್ರೆ, ಉರುಸು, ಗಣಪತಿಗೆ ಚಂದಾ ಕೊಡುತ್ತೇನೆ, ರಸೀದಿ ಇಸಿದುಕೊಳ್ಳುತ್ತೇನೆ. ದಾನಿಗಳ ಯಾದಿ ಅಚ್ಚಾಗುವುದಿದ್ದರೆ ಮೊತ್ತ ಸ್ವಲ್ಪ ಮೇಲೇರುತ್ತದೆ. ಹೆಸರು ಹಾಕಿಸುವುದೇ ಕೆಟ್ಟದ್ದು ಎಂದು ಹೇಳಲಾರೆ. ಬೆಂಗಳೂರಿಗೆ ಮೊದಲ ಸಲ ಹೋದಾಗ ರೈಲು ನಿಲ್ದಾಣದ ಎದುರು ನನಗೆ ಕಡಿಮೆ ರೊಕ್ಕಕ್ಕೆ ಜಾಗ ಕೊಟ್ಟದ್ದು ಗುಬ್ಬಿ ತೋಟದಪ್ಪನವರ ಛತ್ರ. ಗುಬ್ಬಿಯಿಂದ ಬಂದ ಆ ವ್ಯಾಪಾರಿ 1903ರಲ್ಲಿ ಅದನ್ನು ತೆರೆದರು, 1910ರಲ್ಲಿ ತೀರಿಕೊಂಡರು. ಹೆಸರು ದೊಡ್ಡದಾಗಿಯೇ ಇದೆ. ಆ ಹೆಸರಿನ ಕೆಳಗೆ ನೂರು ವರ್ಷ ಜನ ಮಲಗೆದ್ದಿದ್ದಾರೆ. ನನ್ನ ಫ್ಯಾನಿಗೆ ಆ ಮಾತು ಹೇಳಲಾಗದು.

ಇಳಕಲ್ಲಿನಲ್ಲಿ ನೌಕರಿಯಲ್ಲಿದ್ದಾಗ ಇನ್ನೊಂದು ಬಗೆಯ ಬೇಡಿಕೆ ಕಂಡಿದ್ದೇನೆ. ಚಿತ್ತರಗಿ-ಇಳಕಲ್ ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಓಣಿ ಓಣಿ ತಿರುಗುತ್ತಿದ್ದರು. ಆ ಜೋಳಿಗೆಗೆ ಜೋಳ ಬೇಡ, ರೊಕ್ಕ ಬೇಡ. ಕುಡಿತ, ತಂಬಾಕು, ಗುಟ್ಕಾ, ಇಸ್ಪೀಟು, ಯಾವ ಚಟ ಇದೆಯೋ ಅದನ್ನು ಹಾಕಿ ಎನ್ನುತ್ತಿದ್ದರು. ನೇಕಾರರ ಓಣಿಯಲ್ಲಿ, ಕಲ್ಲಿನ ಕ್ವಾರಿಯ ಕೂಲಿಗಳ ನಡುವೆ ವಾರದ ಬಟವಾಡೆ ಹೆಂಡದ ಅಂಗಡಿಗೆ ಹೋಗುವುದನ್ನು ಕಂಡವರಿಗೆ ಆ ಜೋಳಿಗೆಯ ಅರ್ಥ ತಿಳಿಯುತ್ತದೆ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ರೊಕ್ಕ ಕೇಳಿದ್ದರೆ ಎಷ್ಟು ಬೇಕಾದರೂ ಕೊಡಬಲ್ಲ ಕುಳಗಳು ಆ ಜೋಳಿಗೆ ಕಂಡು ಒಳಮನೆಗೆ ಸರಿದಿರಬಹುದು. ಯಾಕೆಂದರೆ ಅದಕ್ಕೆ ಹಾಕುವುದನ್ನು ಯಾರ ಚೀಲದಿಂದಲೂ ಮುರಿಯಲು ಬರುವುದಿಲ್ಲ. ನಾನು ಒಳಮನೆಗೆ ಸರಿಯಲಿಲ್ಲ. ಕಟ್ಟೆಯ ಮೇಲೆ ನಿಂತು ಯಾರು ಏನು ಹಾಕುತ್ತಾರೆಂದು ನೋಡುತ್ತಿದ್ದೆ. ನನಗೆ ಕುಡಿತವಿಲ್ಲ, ತಂಬಾಕಿಲ್ಲ, ಹಾಕಲು ಏನೂ ಇಲ್ಲ ಎಂದು ಹೆಮ್ಮೆ. ಇನ್ನೊಬ್ಬರ ಕೊಡುಗೆಯನ್ನು ದಂಡೆಯಲ್ಲಿ ನಿಂತು ತೂಗುವುದೇ ನನ್ನ ಚಟ ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಸಾವ್ಕಾರರ ಖಾತೆಗೆ ಮರಳುತ್ತೇನೆ. ಬರದ ವರ್ಷದ ಅದೇ ಪುಸ್ತಕದಲ್ಲಿ ಕೆಲವು ಹಾಳೆ ಆಚೆಗೆ ನನ್ನ ಅಪ್ಪನ ಹೆಸರಿನ ಪುಟ ಇತ್ತು. ಬಿತ್ತಲು ತೆಗೆದ ಸಾಲ, ಅಕ್ಕನ ಮದುವೆಯ ಸಾಲ. ಎತ್ತು ಮಾರಿ ಕಟ್ಟಿದ್ದು ಜಮಾ ಆಗಿದೆ. ಬಡ್ಡಿಯೂ ಹಾಕಿದೆ. ಬರದ ವರ್ಷವೆಂದು ಒಂದು ಪೈಸೆ ಬಿಟ್ಟಿಲ್ಲ. ಎತ್ತು ಹೋದ ಮೇಲೆ ಅಪ್ಪ ಎರಡು ವರ್ಷ ಬೇರೆಯವರ ಹೊಲದಲ್ಲಿ ದುಡಿದ. ಆಗ ಮನೆಯಲ್ಲಿ ಅವ್ವ ಏನು ಉಂಡಳೋ ನಾನು ಕೇಳಲಿಲ್ಲ. ನನಗೆ ನಿಲಯದಲ್ಲಿ ಒಂದೂವರೆ ರೊಟ್ಟಿ ಸಿಕ್ಕುತ್ತಿತ್ತು.

ಮಗನಿಗೆ ಸ್ವಂತ ಗಂಟಿನಿಂದ ಊಟ ಹಾಕಿದ ಕೈ ಅದೇ ವರ್ಷ ಅಪ್ಪನ ಬಡ್ಡಿಯನ್ನು ಚುಕ್ತಾ ವಸೂಲು ಮಾಡಿದೆ. ಒಂದೇ ಮಸಿ, ಒಂದೇ ಅಕ್ಷರ. ಒಂದು ಪುಟ ಓದಿ ಅವರನ್ನು ಶರಣ ಮಾಡಬಹುದು, ಇನ್ನೊಂದು ಓದಿ ಶೋಷಕ ಮಾಡಬಹುದು. ನನಗೆ ಎರಡೂ ರೂಢಿ ಇದೆ, ಒಂದನ್ನು ನುಡಿನಮನದಲ್ಲಿ, ಒಂದನ್ನು ಪದ್ಯದಲ್ಲಿ ಮಾಡಿ ಮುಗಿಸಿದ್ದೇನೆ. ಎರಡೂ ಪುಟ ಒಟ್ಟಿಗೆ ಓದುವುದು ಮಾತ್ರ ರೂಢಿಯಿಲ್ಲ. ಅವರಿಗೆ ವ್ಯಾಪಾರ ಬೇರೆ, ಧರ್ಮ ಬೇರೆ, ಎರಡಕ್ಕೂ ಬೇರೆ ಬೇರೆ ಖಾತೆ. ಬಡ್ಡಿ ಬಿಟ್ಟಿದ್ದರೆ ಅಪ್ಪನೊಬ್ಬನಿಗೆ ಉಪಕಾರವಾಗುತ್ತಿತ್ತು, ನಿಲಯ ನಡೆಸಿದ್ದರಿಂದ ಒಂದು ಕೋಣೆ ಹುಡುಗರಿಗೆ ಆಯಿತು ಎಂದು ಅವರ ಪರ ವಾದಿಸಬಹುದು. ಅಪ್ಪನ ಎತ್ತನ್ನು ನೆನೆದರೆ ಆ ವಾದ ನನ್ನ ಬಾಯಲ್ಲಿ ಹೊರಡುವುದಿಲ್ಲ. ಅವರು ಇದ್ದಾಗ ಎದುರು ಕುಳಿತು ಕೇಳಬಹುದಿತ್ತು. ನಾನು ಪದ್ಯ ಬರೆದ ಮೇಲೂ ಅವರು ಬಹಳ ವರ್ಷ ಇದ್ದರು. ನವನಗರದ ಹೊಸ ಅಂಗಡಿಯ ಗಾದಿಯ ಮೇಲೆ ಕೂತಿರುತ್ತಿದ್ದರು. ಹಾದಿಯಲ್ಲಿ ಕಂಡರೆ "ಹೆಂಗದೀರಿ ಸರ್, ಅಪ್ಪಾರು ಆರಾಮದಾರ?" ಎನ್ನುತ್ತಿದ್ದರು. ತಾವು ಜೋಳ ಕೊಟ್ಟ ಹುಡುಗನಿಗೆ ಬಹುವಚನ. ನಾನು ಹೌದ್ರಿ ಎಂದು ಮುಂದೆ ಹೋಗುತ್ತಿದ್ದೆ.

ಕೊನೆಗೆ ಲೇಖನ ಬರೆದೆ. ಕೊಡುಗೈ ದಾನಿ ಎಂಬ ಮಾತಿಲ್ಲದೆ ನಾನು ಬರೆದ ಮೊದಲ ನುಡಿನಮನ ಅದು. ಧರ್ಮಾದಾಯ ಎಲ್ಲಿಂದ ಬರುತ್ತಿತ್ತು, ಬರದ ವರ್ಷ ಅದನ್ನು ಯಾರು ತುಂಬಿದರು, ಅದೇ ವರ್ಷ ಒಬ್ಬ ರೈತನ ಬಡ್ಡಿ ಎಷ್ಟಾಯಿತು, ಮೂರನ್ನೂ ಹಾಕಿದೆ. ರೈತ ನನ್ನ ಅಪ್ಪ ಎಂದೂ ಬರೆದೆ. ಮೊಮ್ಮಗ ತಿರುಗಿಸಿ ಕೊಡುತ್ತಾನೆಂದುಕೊಂಡಿದ್ದೆ. ಅವನು ಅಂಗಡಿಯಲ್ಲೇ ನಿಂತು ಪೂರ್ತಿ ಓದಿದ. ಬಡ್ಡಿಯ ಸಾಲಿಗೆ ಬಂದಾಗ ಮುಖ ಸಣ್ಣದಾಯಿತು. "ಇದನ್ನ ತಗೀಲೇನು?" ಎಂದು ನಾನೇ ಕೇಳಿದೆ. "ಬ್ಯಾಡ್ರಿ, ಇರ್ಲಿ. ಅಜ್ಜ ಎರಡೂ ಬರದಿಟ್ಟಾನಲ್ರಿ" ಎಂದ. ವ್ಯಾಪಾರಿಗಳ ಮನೆಯ ಹುಡುಗ. ಬರೆದದ್ದನ್ನು ಅಳಿಸುವುದು ಅವನಿಗೆ ಕಲಿಸಿಲ್ಲ.

ಈಗ ಲೆಕ್ಕ ಕಂಪ್ಯೂಟರಿನಲ್ಲಿದೆ, ಪಟ್ಟಿ ಛಾಪಿಸಿ ಬರುತ್ತದೆ. ಹಳೆಯ ಖಾತೆಗಳು ಅಟ್ಟದ ಮೇಲೆ ಗೆದ್ದಲಿಗೆ ತುತ್ತಾಗುತ್ತಿವೆ, ಇಲ್ಲವೇ ಪಾಡ್ಯದ ಮುನ್ನ ಮನೆ ಸ್ವಚ್ಛ ಮಾಡುವಾಗ ರದ್ದಿಯವನ ತಕ್ಕಡಿಗೆ ಹೋಗುತ್ತಿವೆ. ಬಾಗಲಕೋಟೆ, ಗುಳೇದಗುಡ್ಡ, ಬಾದಾಮಿ, ಹುನಗುಂದ, ಇಳಕಲ್ಲಿನ ದಲಾಲಿ ಅಂಗಡಿಯವರಲ್ಲಿ, ಸೀರೆ ಸಾವ್ಕಾರರಲ್ಲಿ, ಖಣದ ವ್ಯಾಪಾರಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಅಜ್ಜನ ನುಡಿನಮನಕ್ಕೆ ನನ್ನಂಥವನನ್ನು ಹುಡುಕುವ ಮೊದಲು ಅವರ ಖಾತೆ ಪುಸ್ತಕ ಹುಡುಕಿರಿ. ಧರ್ಮಾದಾಯದ ಪುಟವನ್ನು ಫೋನಿನಲ್ಲಿ ಫೋಟೋ ಹೊಡೆದಿಡಿರಿ, ಬಡ್ಡಿಯ ಪುಟವನ್ನೂ ಬಿಡಬೇಡಿರಿ. ಪುಸ್ತಕಗಳನ್ನು ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ರಾಜ್ಯ ಪತ್ರಾಗಾರ ಇಲಾಖೆಗೋ ಕೊಡಿರಿ. ರದ್ದಿಗೆ ಮಾತ್ರ ಹಾಕಬೇಡಿರಿ.